ಮಿಂಟ್ ಸಿಗರೇಟ್ ಬಿಡುವುದು ಹೇಗೆ?

ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಹೊತ್ತಲ್ಲಿ ಮಿಂಟ್ ಸಿಗರೇಟ್ ಗಂಟಲಿಗೆ ಹಿತ ಅನ್ನಿಸುತ್ತದೆ. ಆದರೆ ಆ ಹೊಗೆ ತಂಪಾಗಿರುವುದಿಲ್ಲ. ಬಿಡಬೇಕು ಅನ್ನುವವರು ಮೊದಲು ಇದನ್ನು ತಿಳಿದುಕೊಳ್ಳಬೇಕು.

ಮಿಂಟ್ ಸಿಗರೇಟಿನಲ್ಲಿರುವ ಮೆಂಥಾಲ್ ಅನ್ನುವ ಪುದೀನದ ಅಂಶ, ಚಳಿಯನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ. ಹೊಗೆ ಬಿಸಿಯಾಗಿದ್ದರೂ ಮಿದುಳಿಗೆ ತಂಪು ಅಂತ ಸುದ್ದಿ ಹೋಗುತ್ತದೆ. ಉರಿ, ಕೆಮ್ಮು ಬಂದರೆ ದೇಹ ಬೇಡ ಅನ್ನುತ್ತಿದೆ ಅಂತ ಅರ್ಥ, ಅಲ್ವಾ? ಅದನ್ನೇ ಅಡಗಿಸಿದರೆ ಹೊಸಬರೂ ಸಲೀಸಾಗಿ ಸೇದುತ್ತಾರೆ. ಟಾರ್, ಕಾರ್ಬನ್ ಮೊನಾಕ್ಸೈಡ್, ನಿಕೋಟಿನ್ ಎಲ್ಲವೂ ಇದ್ದೇ ಇರುತ್ತವೆ. ಚಟ ಅಂಟುವುದು ಸುಲಭ, ಬಿಡುವುದು ಕಷ್ಟ. ಕೆನಡಾ 2017ರಲ್ಲಿ, ಐರೋಪ್ಯ ಒಕ್ಕೂಟ 2020ರಲ್ಲಿ ಮಿಂಟ್ ಸಿಗರೇಟನ್ನು ನಿಷೇಧಿಸಿದವು. ನಮ್ಮ ಪಾನ್ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ, ಅದೇ ಬೇಸರ.

ಹಟ್ಟಿಯ ಚಿನ್ನದ ಗಣಿ, ಸಂಡೂರಿನ ಅದಿರು ಗಣಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ದುಡಿಯುವವರು ಇನ್ನೂ ಎಚ್ಚರವಾಗಿರಬೇಕು. ಉಸಿರುನಾಳದಲ್ಲಿ ದೂಳನ್ನು ಹೊರಗೆ ದೂಡುವ ಸಣ್ಣ ರೋಮಗಳಿವೆ. ಹೊಗೆ ಅವನ್ನೇ ಹಾಳು ಮಾಡುತ್ತದೆ.

ಈಗ ಒಂದು ದಿನ ಗೊತ್ತು ಮಾಡಿ. ಎರಡು ವಾರದೊಳಗೇ ಇರಲಿ. ಮನೆಯವರಿಗೂ ಹೇಳಿಬಿಡಿ. ಹಿಂದಿನ ರಾತ್ರಿ ಉಳಿದ ಪ್ಯಾಕ್, ಲೈಟರ್ ಎಲ್ಲಾ ಬಿಸಾಡಿ. ಮಿಂಟ್ ಬಿಟ್ಟು ಸಾದಾ ಸಿಗರೇಟು, ಬೀಡಿ, ಗುಟ್ಕಾ ಹಿಡಿಯುವುದು ಬಿಟ್ಟಂತೆ ಅಲ್ಲ.

ಒಗ್ಗರಣೆ-ಮಿರ್ಚಿ ತಿಂದು ಚಹಾ ಕುಡಿದ ಮೇಲೆ ಒಂದು ಸಿಗರೇಟು ಅನ್ನುವ ರೂಢಿ ಇದ್ದರೆ, ಕೆಲವು ವಾರ ಆ ಅಂಗಡಿ ಕಡೆ ಹೋಗಬೇಡಿ. ಆಸೆ ಎದ್ದಾಗ ಐದು ಹತ್ತು ನಿಮಿಷ ತಡೆದುಕೊಳ್ಳಿ, ಅದು ತಾನೇ ಇಳಿಯುತ್ತದೆ. ಆಗ ಮಜ್ಜಿಗೆ ಕುಡಿಯಿರಿ, ಸೋಂಪು ಅಗಿಯಿರಿ. ಮಿಂಟ್ ಮಿಠಾಯಿ ಕೆಲವರಿಗೆ ಸಿಗರೇಟನ್ನೇ ನೆನಪಿಸುತ್ತದೆ. ಅಂಥವರಿಗೆ ಅದು ಬೇಡ. ಮೊದಲ ಮೂರು ನಾಲ್ಕು ದಿನ ಸಿಡುಕು, ನಿದ್ದೆಗೇಡು ಜಾಸ್ತಿ. ಆಮೇಲೆ ಹಗುರಾಗುತ್ತಾ ಬರುತ್ತದೆ.

ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ತುಂಬಾ ಜನ ಅದನ್ನು ತಪ್ಪಾಗಿ ಅಗಿಯುತ್ತಾರೆ. ಮೆಲ್ಲಗೆ ಅಗಿಯಿರಿ. ಬಾಯಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಚುರು ಹೋದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಚಹಾ ಕುಡಿದ 15 ನಿಮಿಷ ಗಮ್ ಬೇಡ, ಔಷಧಿ ಹಿಡಿಯುವುದಿಲ್ಲ. ಬಸುರಿಯರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಒಬ್ಬರೇ ಒದ್ದಾಡಬೇಡಿ. ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದರೆ ಆಪ್ತ ಸಲಹೆ ಉಚಿತ.

ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು, ಕಫ ಹೆಚ್ಚಾಗಬಹುದು. ಹೆದರಿ ಮತ್ತೆ ಸೇದಬೇಡಿ, ಉಸಿರುನಾಳ ತನ್ನನ್ನು ತಾನು ಶುಚಿ ಮಾಡಿಕೊಳ್ಳುತ್ತಿರುತ್ತದೆ. ಕೆಮ್ಮು ಎರಡು ಮೂರು ವಾರಕ್ಕೂ ನಿಲ್ಲದಿದ್ದರೆ ಅಥವಾ ಕಫದಲ್ಲಿ ರಕ್ತ ಕಂಡರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.