ಸಾಂಕ್ರಾಮಿಕ ಬಂದಾಗ ಕಾಲೇಜು ಗ್ರಂಥಾಲಯ ನಡೆಸುವುದು ಹೇಗೆ?

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಕಾಲೇಜು ಗ್ರಂಥಾಲಯಗಳನ್ನು ಹೆಚ್ಚು ಕಾಡಿದ್ದು ದೂರ. ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಿಗೆ ಜಗಳೂರು, ಹೊನ್ನಾಳಿ, ಹೊಳಲ್ಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು ಬಹಳ. ಬಸ್ ನಿಂತು ಹಾಸ್ಟೆಲ್ ಮುಚ್ಚಿದರೆ ಪುಸ್ತಕ ಒಬ್ಬರ ಮನೆಯಲ್ಲಿ, ಅದು ಬೇಕಾದವರು ಇನ್ನೊಂದು ತಾಲೂಕಿನಲ್ಲಿ. ಆದ್ದರಿಂದ ಸ್ಯಾನಿಟೈಸರ್ ಕ್ಯಾನ್ ತರಿಸುವ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ.

ಮೊದಲು ದಂಡ ನಿಲ್ಲಿಸಿ. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವವರು ಅದರ ಕ್ಯಾಲೆಂಡರ್‌ನಲ್ಲಿ ಮುಚ್ಚಿದ ದಿನಗಳನ್ನೆಲ್ಲ ರಜೆ ಎಂದು ಗುರುತಿಸಿ, ದಂಡದ ಲೆಕ್ಕದಿಂದ ರಜಾದಿನ ಕಳೆಯುವ ಸೆಟ್ಟಿಂಗ್ ಚಾಲೂ ಇದೆಯೇ ನೋಡಬೇಕು. ಬಹಳ ಜನ ಎಡವುವುದು ಇದರ ನಂತರ. ರಜೆ ಸೇರಿಸಿದ ಮಾತ್ರಕ್ಕೆ ಆಗಲೇ ಹೊರಗೆ ಹೋಗಿರುವ ಪುಸ್ತಕಗಳ ವಾಪಸಾತಿ ದಿನಾಂಕ ಬದಲಾಗುವುದಿಲ್ಲ. ಅದನ್ನು ಪ್ರತ್ಯೇಕವಾಗಿ, ಒಟ್ಟಿಗೆ ಮುಂದೂಡಬೇಕು. ಇಲ್ಲದಿದ್ದರೆ ಗಡುವು ಮೀರಿತೆಂಬ ಸಂದೇಶ ತಾನಾಗಿ ಹೋಗುತ್ತದೆ, ದಂಡಕ್ಕೆ ಹೆದರಿದ ವಿದ್ಯಾರ್ಥಿ ಪುಸ್ತಕ ಕಳೆದುಹೋಯಿತು ಎನ್ನುತ್ತಾನೆ. ರಿಜಿಸ್ಟರ್ ಇಟ್ಟುಕೊಂಡಿರುವ ಕಾಲೇಜುಗಳು ಪ್ರಾಂಶುಪಾಲರ ಸಹಿ ಇರುವ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಡೇಟಾಬೇಸ್‌ನ ಬ್ಯಾಕಪ್ ಒಂದು ಪ್ರತಿ ಕಾಲೇಜಿನ ಹೊರಗಿರಲಿ.

ಎರಡನೆಯದು ಮನೆಯಿಂದಲೇ ಓದುವ ದಾರಿ. ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎನ್-ಲಿಸ್ಟ್ ಯೋಜನೆ ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಒದಗಿಸುತ್ತದೆ. ಕಾಲೇಜು ಸದಸ್ಯತ್ವ ಪಡೆದಿದ್ದರೂ ವಿದ್ಯಾರ್ಥಿಗೆ ಸ್ವಂತ ಲಾಗಿನ್ ಇಲ್ಲದಿದ್ದರೆ ಅದು ತೆರೆಯುವುದಿಲ್ಲ. ಹೆಸರು, ಕೋರ್ಸ್, ಇಮೇಲ್ ಇರುವ ಪಟ್ಟಿಯನ್ನು ಪ್ರವೇಶಾತಿ ಸಮಯದಲ್ಲೇ ತಯಾರಿಸಿ ಖಾತೆ ತೆರೆಸಿ. ಸೈಬರ್ ಸೆಂಟರಿನವರು ಅರ್ಜಿಯಲ್ಲಿ ತಮ್ಮದೇ ಇಮೇಲ್ ಹಾಕಿರುವುದು ಸಾಮಾನ್ಯ, ಆಗ ಪಾಸ್‌ವರ್ಡ್ ಯಾರಿಗೂ ಸಿಗದು. ಐಐಟಿ ಖರಗ್‌ಪುರ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೆ ವಿದ್ಯಾರ್ಥಿ ತಾನೇ ನೋಂದಾಯಿಸಿಕೊಳ್ಳಬಹುದು. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ಎಲ್ಲರಿಗೂ ತೆರೆದಿದೆ.

ಕನ್ನಡ ಮಾಧ್ಯಮದ ಬಿ.ಎ. ವಿದ್ಯಾರ್ಥಿಗೆ ಇವಿಷ್ಟರಿಂದ ಆಗುವ ಉಪಕಾರ ಕಡಿಮೆ. ಅಲ್ಲಿರುವುದು ಹೆಚ್ಚಾಗಿ ಇಂಗ್ಲಿಷ್. ಅವರಿಗೆ ಬೇಕಾದದ್ದು ಹಳೆಯ ಪ್ರಶ್ನೆಪತ್ರಿಕೆ, ಪಠ್ಯಕ್ರಮ, ಪರಾಮರ್ಶನ ಪುಸ್ತಕದ ಒಂದೆರಡು ಅಧ್ಯಾಯ. ಇದನ್ನು ಗ್ರಂಥಾಲಯವೇ ಮಾಡಿಕೊಡಬೇಕು. ಬೋಧಕರು ಸೂಚಿಸಿದ ಅಧ್ಯಾಯವನ್ನಷ್ಟೇ ಕಪ್ಪು-ಬಿಳುಪಿನಲ್ಲಿ 200 ಡಿಪಿಐ ಸ್ಪಷ್ಟತೆಗೆ ಸ್ಕ್ಯಾನ್ ಮಾಡಿ, ಅಧ್ಯಾಯಕ್ಕೊಂದು ಪಿಡಿಎಫ್ ಮಾಡಿ. ಬಣ್ಣದಲ್ಲಿ ಫೋಟೊ ತೆಗೆದು ಕಳಿಸಿದರೆ ಹಳ್ಳಿಯ ನೆಟ್‌ವರ್ಕ್‌ನಲ್ಲಿ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ. ಪಾಠದ ಸಲುವಾಗಿ ಪ್ರತಿ ಮಾಡಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಇಡೀ ಪುಸ್ತಕವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಬೇಡ.

ವಾಪಸ್ ಬಂದ ಪುಸ್ತಕಕ್ಕೆ ಯಾವ ದ್ರವವನ್ನೂ ಸಿಂಪಡಿಸಬೇಡಿ. ಹಾಳೆ ಉಬ್ಬುತ್ತದೆ, ರಟ್ಟಿನ ಗೋಂದು ಬಿಡುತ್ತದೆ, ಬ್ಲೀಚ್ ತಾಗಿದರೆ ಕಾಗದ ಪೆಡಸಾಗುತ್ತದೆ. 2020ರಲ್ಲಿ ಅಮೆರಿಕದ ರೀಮ್ ಯೋಜನೆ ಗ್ರಂಥಾಲಯದ ವಸ್ತುಗಳ ಮೇಲೆ ಕೊರೊನಾ ವೈರಸ್ ಇಟ್ಟು ಪರೀಕ್ಷಿಸಿತು. ಬಿಡಿಬಿಡಿಯಾಗಿಟ್ಟ ಪುಸ್ತಕಗಳಲ್ಲಿ ಮೂರು ದಿನದೊಳಗೆ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿಯಿತು. ಒಂದರ ಮೇಲೊಂದು ಪೇರಿಸಿಟ್ಟವುಗಳಲ್ಲಿ ಇನ್ನೂ ಹೆಚ್ಚು ದಿನ ಉಳಿಯಿತು. ಹೀಗಾಗಿ ಮೇಜಿನ ಮೇಲೆ ಹರಡಿ, ದಿನಾಂಕದ ಚೀಟಿ ಹಾಕಿ. ರೋಗ ಹೊಸದಾಗಿದ್ದು ಹೇಗೆ ಹರಡುತ್ತದೆಂದು ತಿಳಿಯದಿರುವಾಗ ಈ ಕಾಯುವಿಕೆ ಸರಿ. 2021ರ ಹೊತ್ತಿಗೆ ಮೇಲ್ಮೈಯಿಂದ ಕೋವಿಡ್ ಹರಡುವ ಸಾಧ್ಯತೆ ತೀರಾ ಕಡಿಮೆ ಎಂದು ಗೊತ್ತಾಗಿತ್ತು. ತಿಳಿವಳಿಕೆ ಬದಲಾದ ಮೇಲೂ ಪುಸ್ತಕ ತಡೆದಿಡುವುದು ಓದುಗರಿಗೆ ಮಾಡುವ ಅನ್ಯಾಯ.

ಕೌಂಟರ್, ಬಾಗಿಲ ಹಿಡಿಗೆ 1% ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ, ಸಾಕು. 5% ದ್ರಾವಣವಿದ್ದರೆ 1 ಲೀಟರಿಗೆ 4 ಲೀಟರ್ ನೀರು, ದಿನವೂ ಹೊಸದಾಗಿ. 10 ನಿಮಿಷದ ನಂತರ ನೀರಿನ ಬಟ್ಟೆಯಿಂದ ಒರೆಸದಿದ್ದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಟೆಂಡರ್‌ಗೆ ಇದನ್ನು ಬಾಯಿಬಿಟ್ಟು ಹೇಳಿ.

ಗಾಳಿಯಲ್ಲಿ ಹರಡುವ ರೋಗವಾದರೆ ರೀಡಿಂಗ್ ರೂಮಿನಲ್ಲಿ ಎಲ್ಲಕ್ಕಿಂತ ಮುಖ್ಯ ಎದುರುಬದುರು ಕಿಟಕಿ ತೆರೆದಿಡುವುದು. ಕುರ್ಚಿಗಳ ನಡುವೆ 6 ಅಡಿ ಬಿಡಿ, ಹೆಚ್ಚಿನ ಕುರ್ಚಿ ಹೊರಗೇ ತೆಗೆಯಿರಿ. ಖಾಲಿ ಬಿಡಲು ಗುರುತು ಹಾಕಿದ ಕುರ್ಚಿಯಲ್ಲಿ ಯಾರಾದರೂ ಕೂತೇ ಕೂರುತ್ತಾರೆ.

ಕಟ್ಟಡ ತಿಂಗಳುಗಟ್ಟಲೆ ಮುಚ್ಚಿದರೆ ಗೆದ್ದಲು, ಬೂಷ್ಟು ಬಿಡವು. ವಾರಕ್ಕೊಮ್ಮೆ ಒಬ್ಬರು ಹೋಗಿ ಎರಡು ತಾಸು ಕಿಟಕಿ ತೆರೆಯಬೇಕು, ರ‍್ಯಾಕ್ ಗೋಡೆಗೆ ತಾಗದಂತಿರಬೇಕು, ಕೆಳಗಿನ ಹಲಗೆ ನೋಡಬೇಕು. ಬೂಷ್ಟು ಹಿಡಿದ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಹರಡುತ್ತದೆ. ನೆರಳಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಬಯಲಲ್ಲಿ ಬ್ರಷ್ ಮಾಡಿ.

ಇನ್ನು ಹಳ್ಳಿಗಳಲ್ಲಿ ಉಳಿದ ಪುಸ್ತಕ. ತಾಲೂಕು ಕೇಂದ್ರದ ಪದವಿ ಕಾಲೇಜಿನ ಗ್ರಂಥಪಾಲಕರೊಂದಿಗೆ ಮೊದಲೇ ಮಾತಾಡಿ, ಅಲ್ಲೇ ಪಡೆದು ರಸೀದಿ ಕೊಡುವ ಏರ್ಪಾಡು ಮಾಡಿಕೊಳ್ಳಿ. ರಸೀದಿಯಲ್ಲಿ ಅಕ್ಸೆಶನ್ ನಂಬರ್, ಅಂದರೆ ಪ್ರತಿಯೊಂದು ಪ್ರತಿಗೂ ಗ್ರಂಥಾಲಯ ಕೊಟ್ಟ ಸಂಖ್ಯೆ, ಇರಲೇಬೇಕು, ಬರೀ ಶೀರ್ಷಿಕೆ ಬರೆದರೆ ಒಂದೇ ಪುಸ್ತಕದ ಹಲವು ಪ್ರತಿಗಳಲ್ಲಿ ಯಾವುದು ಬಂತೆಂದು ತಿಳಿಯುವುದಿಲ್ಲ. ಕೊನೆಯ ವರ್ಷದವರಿಗೆ ಪುಸ್ತಕ ಬಾಕಿಯೆಂದು ನೋ ಡ್ಯೂ (ಬಾಕಿಯಿಲ್ಲ) ಪತ್ರ ತಡೆದು ಹಾಲ್ ಟಿಕೆಟ್ ನಿಲ್ಲಿಸಬೇಡಿ, ಮುಚ್ಚಳಿಕೆ ಬರೆಸಿಕೊಂಡು ಕೊಡಿ. ಅಂಕಪಟ್ಟಿ ಪಡೆಯಲು ಅವರು ಹೇಗೂ ಕಾಲೇಜಿಗೆ ಬರುತ್ತಾರೆ, ಪುಸ್ತಕ ಆಗ ತೆಗೆದುಕೊಳ್ಳಬಹುದು.