ಲೂಪಸ್‌ನವರ ಹಳೇ ಸೀರಂ ಎಸೆಯಬೇಡಿ: ನನ್ನ ಅನುಭವ

"ಒಬ್ಬರಿಗೆ ಎರಡು ವೆಲ್ ಯಾಕೆ ದಂಡ ಮಾಡ್ತೀಯ" ಅಂತ ಮೂರು ವರ್ಷ ಕೇಳಿಸಿಕೊಂಡೆ. ವೆಲ್ ಅಂದರೆ ಪರೀಕ್ಷೆಗೆ ಸೀರಂ, ಅಂದರೆ ರಕ್ತದ ತಿಳಿ, ಹಾಕುವ ಪುಟ್ಟ ಗುಳಿ. ಒಂದರಲ್ಲಿ ಹೊಸ ಸೀರಂ, ಇನ್ನೊಂದರಲ್ಲಿ ಅವರದ್ದೇ ಹಳೆಯದು ಹಾಕುತ್ತೇನೆ. ಈಗ ಹಾಗೆ ಅಂದವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನನ್ನದು ಸಣ್ಣ ಲ್ಯಾಬ್. ಲೂಪಸ್ ಅಂದರೆ ಮೈಯ ರಕ್ಷಣಾ ಶಕ್ತಿಯೇ ಮೈಗೆ ತಿರುಗಿಬೀಳುವ ಕಾಯಿಲೆ. ಅದು ಇರುವವರು ಜಗಳೂರು, ಹರಿಹರ, ಹೊಳಲ್ಕೆರೆ ಕಡೆಯಿಂದ ಬರುತ್ತಾರೆ, ಜಾಸ್ತಿ ಹೆಣ್ಣುಮಕ್ಕಳೇ. ಒಬ್ಬ ಹುಡುಗಿಯ ಆಂಟಿ ಡಿಎಸ್‌ಡಿಎನ್‌ಎ (ರೋಗ ಜೋರಾದಾಗ ಸಾಮಾನ್ಯವಾಗಿ ಏರುವ ಆಂಟಿಬಾಡಿ) ಒಂದು ಊರಿನ ರಿಪೋರ್ಟಿನಲ್ಲಿ 180, ಇನ್ನೊಂದರಲ್ಲಿ 95. ಇಳಿದಿದೆ ಅಂತ ಮನೆಯವರಿಗೆ ಖುಷಿ. ಆದರೆ ಒಂದು ಎಲೈಸಾ, ಇನ್ನೊಂದು ಕೆಮಿಲುಮಿನಿಸೆನ್ಸ್, ಅಳೆಯುವ ವಿಧಾನವೇ ಬೇರೆ ಬೇರೆ. ಸೇರಿನಲ್ಲಿ ಅಳೆದ ಜೋಳವನ್ನು ಕೆಜಿ ಲೆಕ್ಕಕ್ಕೆ ಹೋಲಿಸಿದ ಹಾಗಾಯಿತು ಅಲ್ವಾ?

ಹಾಗಾಗಿ ಒಪ್ಪಿಗೆ ಕೇಳಿ, ಉಳಿದ ಸೀರಂ ಅನ್ನು ಎರಡು ಮೂರು ಪುಟ್ಟ ಟ್ಯೂಬಿಗೆ ಹಂಚಿ ಮೈನಸ್ 20 ಡಿಗ್ರಿಯಲ್ಲಿ ಇಡತೊಡಗಿದೆ. ಮುಂದಿನ ಸಲ ಹಳೆಯದೂ ಹೊಸದೂ ಪಕ್ಕಪಕ್ಕದ ವೆಲ್‌ನಲ್ಲಿ, ಒಂದೇ ರನ್, ಅಂದರೆ ಒಂದೇ ಸಲದ ಪರೀಕ್ಷೆ.

ಮೊದಲ ಬೇಸಿಗೆಯಲ್ಲೇ ಸೋತೆ. ಮನೆಯ ಫ್ರಿಜ್ ಸಾಕು ಅಂದುಕೊಂಡಿದ್ದೆ. ಅದು ತಾನಾಗಿಯೇ ಐಸ್ ಕರಗಿಸಿಕೊಳ್ಳುವ ಮಾದರಿ, ಸೀರಂ ಕರಗೋದು, ಗಟ್ಟಿಯಾಗೋದು, ಮತ್ತೆ ಕರಗೋದು. ಸಾಲದ್ದಕ್ಕೆ ಕರೆಂಟ್ ಕಾಟ. ಪೆನ್ನಿನಲ್ಲಿ ಬರೆದ ಹೆಸರುಗಳೂ ನೀರಿಗೆ ಅಳಿಸಿ, ಹತ್ತಿರ ಹತ್ತಿರ 40 ಟ್ಯೂಬ್ ಎಸೆದೆ. ಆಮೇಲೆ ಮುಚ್ಚಿದ ಐಸ್‌ಕ್ರೀಂ ಅಂಗಡಿಯೊಂದರ ಡೀಪ್ ಫ್ರೀಜರ್ ಸುಮಾರು 14 ಸಾವಿರಕ್ಕೆ ತಂದೆ. ಇವತ್ತಿಗೂ ಅದೇ ಓಡುತ್ತಿದೆ.

ಕಿಟ್‌ಗೆ 11-12 ಸಾವಿರ. ಪ್ರತಿ ರನ್‌ನಲ್ಲೂ ಅಳತೆ ಸರಿ ನೋಡುವ ಸ್ಟ್ಯಾಂಡರ್ಡ್, ಕಂಟ್ರೋಲ್ ಸೇರಿ ಒಂದು ಸ್ಟ್ರಿಪ್ (ವೆಲ್‌ಗಳ ಒಂದು ಸಾಲು) ಹೋಗುತ್ತದೆ. ಇಬ್ಬರಿಗೋಸ್ಕರ ಓಡಿಸಿದರೆ ಕೈಯಿಂದ ಹಾಕಬೇಕು, ಮೊದಲ ವರ್ಷ ಹಾಕಿದ್ದೇನೆ ಕೂಡ. ಅದಕ್ಕೇ ಈಗ ಎಲ್ಲರದ್ದೂ ಕೂಡಿಸಿ 15 ದಿನಕ್ಕೊಮ್ಮೆ, ಗುರುವಾರ. ಸಿ3, ಸಿ4 (ರೋಗ ಏರಿದಾಗ ಸಾಮಾನ್ಯವಾಗಿ ಇಳಿಯುವ ರಕ್ತದ ಪ್ರೋಟೀನ್‌ಗಳು), ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್ (ರಕ್ತಕಣ ಕೆಳಗಿಳಿಯುವ ವೇಗ), ಮೂತ್ರದ ಪ್ರೋಟೀನ್ ಮಾತ್ರ ಅವತ್ತವತ್ತೇ. ಎಎನ್‌ಎ ಅನ್ನೋ ಇನ್ನೊಂದು ಆಂಟಿಬಾಡಿ ಪರೀಕ್ಷೆ ಪ್ರತಿ ಸಲ ಮಾಡಿಸಬೇಡಿ ಅಂತ ನಾನೇ ಹೇಳುತ್ತೇನೆ. ರೋಗ ಪತ್ತೆಗೆ ಅದು ಬೇಕು, ಏರಿಳಿತ ನೋಡೋದಕ್ಕೆ ಸುಮ್ನೆ ದುಡ್ಡು ದಂಡ.

ಸಿ3ಗೂ ಇದೇ ಉಪಾಯ ಮಾಡಲು ಹೋಗಿ ಕೈಸುಟ್ಟುಕೊಂಡೆ. ಫ್ರೀಜರಿನಿಂದ ತೆಗೆದ ಸೀರಂನಲ್ಲಿ ಒಂದೊಂದು ಸಲ ಒಂದೊಂದು ನಂಬರ್. ಅದನ್ನು ತಾಜಾ ಸೀರಂನಲ್ಲೇ ಮಾಡಿ. ಕರಗಿಸುವಾಗ ನಾನು ಮಾಡುವ ಒಂದು ಕೆಲಸವನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ಎರಡು ಕಿಟ್ ಕಳೆದಿದ್ದೇನೆ.

ನಡುವೆ ಇನ್ನೊಂದು ನೋಡಿದೆ. ಒಂದೇ ರಕ್ತದ ಇಎಸ್‌ಆರ್ ಬೆಳಿಗ್ಗೆ 60ರ ಮೇಲಿತ್ತು, ಟೇಬಲ್ ಮೇಲೆ ಬಿಟ್ಟು ಸಂಜೆ ಹಾಕಿದರೆ 40ರ ಆಸುಪಾಸು. ದೂರದ ಊರಿಂದ ಬಸ್ಸಿನಲ್ಲಿ ಬರುವ ರಕ್ತವನ್ನು ಅಂದಿನಿಂದ ಇಎಸ್‌ಆರ್‌ಗೆ ತೆಗೆದುಕೊಳ್ಳುವುದಿಲ್ಲ.

ಆ 180, 95ರ ಹುಡುಗಿ ಜಗಳೂರು ಕಡೆಯವಳು. ಅವಳ ಹಳೇ ಟ್ಯೂಬ್ ನನ್ನಲ್ಲಿತ್ತು. ಪಕ್ಕಪಕ್ಕ ಹಾಕಿದರೆ ಹೊಸದು ಹೆಚ್ಚುಕಡಿಮೆ ಎರಡರಷ್ಟು, ವೆಲ್‌ನ ಹಳದಿ ಬಣ್ಣ ಕಣ್ಣಿಗೇ ಗಾಢವಾಗಿ ಕಾಣುತ್ತಿತ್ತು. ಸಿ3 ಕೂಡ 60ಕ್ಕೆ ಇಳಿದಿತ್ತು. ಮೂತ್ರ ಮಾತ್ರ ಅವತ್ತು ಚೊಕ್ಕ. ಸಂಜೆಯೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎರಡು ವಾರಕ್ಕೊಮ್ಮೆ ಮೂತ್ರ ನೋಡಲು ಹೇಳಿದರು. ಆರನೇ ವಾರ ಪ್ರೋಟೀನ್ ಕಾಣಿಸಿತು, ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವಂಥದ್ದು) ಇನ್ನೂ 0.8, ಸರಿಯಾಗೇ ಇತ್ತು. ಕಿಡ್ನಿಗೆ ದೊಡ್ಡ ಪೆಟ್ಟು ಬೀಳುವ ಮೊದಲೇ ಬಯಾಪ್ಸಿ, ಔಷಧಿ ಎಲ್ಲ ಶುರುವಾಯಿತು.

ಈ ಗುರುವಾರ ಮತ್ತೆ ಅವಳ ಸರದಿ. ಎರಡು ಹಳೇ ಟ್ಯೂಬ್ ಎತ್ತಿಟ್ಟಿದ್ದೇನೆ.