ಶಿಲುಬೆಯ ಹಾದಿಗೆ ಹದಿನಾಲ್ಕು ಬಟ್ಟೆಗಳು

ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ಎರಡು ವರ್ಷಗಳ ಕಾಲ ನಾನು ಕ್ರೈಸ್ತ ವಿದ್ಯಾರ್ಥಿಗಳ ಒಂದು ಸಣ್ಣ ಗುಂಪನ್ನು ನಡೆಸಿದೆ. ವಿಶ್ವಾಸ ಮತ್ತು ಕಲೆ ಇವೆರಡನ್ನೂ ಎದುರಿಗಿಟ್ಟುಕೊಂಡು ಒಟ್ಟಿಗೆ ಯೋಚಿಸಬೇಕೆಂಬುದು ನಮ್ಮ ಆಸೆಯಾಗಿತ್ತು. ಗುಂಪಿನಲ್ಲಿ ಕಥೋಲಿಕರೂ ಪ್ರೊಟೆಸ್ಟೆಂಟರೂ ಇದ್ದೆವು. ಮೈಸೂರಿನಲ್ಲೇ ಹುಟ್ಟಿ ಬೆಳೆದವರು ಅರ್ಧ, ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಹಾಸ್ಟೆಲಿಗೆ ಬಂದವರು ಅರ್ಧ. ಇಂಥ ಗುಂಪನ್ನು ಕಟ್ಟುವ ಬಗೆ ಹೇಗೆ ಎಂದು ಈಚೆಗೆ ಕೆಲವು ಕಿರಿಯರು ಕೇಳಿದ್ದರಿಂದ, ನಾವು ಏನು ಮಾಡಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ನೆನಪಿನಲ್ಲಿರುವಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸೆಮಿಸ್ಟರ್ ಪೂರ್ತಿ ನಾನು ತಪ್ಪು ದಾರಿಯಲ್ಲಿದ್ದೆ. ಪ್ರತಿ ಶನಿವಾರ ಸಂಜೆ ಗೋಡೆಯ ಮೇಲೆ ಯುರೋಪಿನ ಚಿತ್ರಗಳನ್ನು ತೋರಿಸುತ್ತ ವಿವರಣೆ ಕೊಡುತ್ತಿದ್ದೆ. ತಪ್ಪಿಹೋದ ಮಗನನ್ನು ತಂದೆ ಅಪ್ಪಿಕೊಳ್ಳುವ ರೆಂಬ್ರಾಂಟನ ಚಿತ್ರದಲ್ಲಿ ತಂದೆಯ ಎರಡು ಕೈಗಳು ಒಂದೇ ತೆರನಾಗಿಲ್ಲ ಎಂಬುದನ್ನು ತೋರಿಸಿದ ದಿನ ಎಲ್ಲರೂ ಮೆಚ್ಚಿಕೊಂಡರು, ಮುಂದಿನ ವಾರ ಬರಲಿಲ್ಲ. ಮೊದಲ ದಿನ 22 ಮಂದಿ ಇದ್ದ ಕೋಣೆಯಲ್ಲಿ ಡಿಸೆಂಬರಿನ ಹೊತ್ತಿಗೆ ಏಳು ಮಂದಿ ಉಳಿದಿದ್ದರು. ಉಳಿದವರಲ್ಲೊಬ್ಬಳು, ಪಾಂಡವಪುರದ ಕಡೆಯ ಹುಡುಗಿ, ಕುರ್ಚಿಗಳನ್ನು ಜೋಡಿಸಿಡುವಾಗ ನನ್ನನ್ನು ಕೇಳಿದಳು: “ಅಕ್ಕ, ನೀವು ಹೇಳೋದೆಲ್ಲ ಚೆನ್ನಾಗಿರುತ್ತೆ. ಆದರೆ ನಾವು ಇಲ್ಲಿ ಮಾಡೋದೇನಿದೆ?” ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ನಮ್ಮ ಗುಂಪಿಗೆ ಬಂದ ಜೀವವೆಲ್ಲ ಆ ಪ್ರಶ್ನೆಯಿಂದಲೇ ಬಂದದ್ದು.

ಜನವರಿಯಿಂದ ಕ್ರಮವನ್ನು ಬದಲಾಯಿಸಿದೆವು. ಎರಡು ಗಂಟೆಯ ಕೂಟದಲ್ಲಿ ಮೊದಲ 20 ನಿಮಿಷ ಪವಿತ್ರಗ್ರಂಥದ ಒಂದೇ ಭಾಗವನ್ನು ಎರಡು ಸಲ ಓದುವುದು, ಒಮ್ಮೆ ಕಥೋಲಿಕರ ಕನ್ನಡ ಅನುವಾದದಲ್ಲಿ, ಇನ್ನೊಮ್ಮೆ ಪ್ರೊಟೆಸ್ಟೆಂಟರ ಅನುವಾದದಲ್ಲಿ. ಒಬ್ಬರಿಗೆ ‘ಶುಭಸಂದೇಶ’ವಾದದ್ದು ಇನ್ನೊಬ್ಬರಿಗೆ ‘ಸುವಾರ್ತೆ’. ಒಬ್ಬರು ‘ವಿಶ್ವಾಸ’ ಎನ್ನುವ ಕಡೆ ಇನ್ನೊಬ್ಬರು ‘ನಂಬಿಕೆ’ ಎನ್ನುತ್ತಾರೆ. ಆ ವ್ಯತ್ಯಾಸವನ್ನು ಕಿವಿಯಿಂದ ಕೇಳಿದಾಗ ಮಾತುಗಳಿಗೆ ಮೈ ಬಂದಂತಾಗುತ್ತಿತ್ತು. ಆಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಕೈಕೆಲಸ. ಚರ್ಚೆಯೆಲ್ಲ ಕೊನೆಗೆ. ಈ ಅನುಕ್ರಮವನ್ನು ಮಾತ್ರ ಯಾರೂ ತಲೆಕೆಳಗು ಮಾಡಬಾರದೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಚರ್ಚೆ ಮೊದಲು ಬಂದರೆ ಚೆನ್ನಾಗಿ ಮಾತನಾಡಬಲ್ಲವರೇ ಗುಂಪನ್ನು ಆಳುತ್ತಾರೆ, ಕೈ ಮೊದಲು ಬಂದರೆ ಮಾತು ಬಾರದವರೂ ಏನನ್ನಾದರೂ ಎದುರಿಗಿಟ್ಟಿರುತ್ತಾರೆ.

ನೋಡುವುದನ್ನು ಕಲಿಯಲು ಸಂತ ಫಿಲೋಮಿನಾ ದೇವಾಲಯಕ್ಕೆ ಹೋದೆವು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲಿಟ್ಟ, ಜರ್ಮನಿಯ ಕೊಲೋನ್ ನಗರದ ದೇವಾಲಯವನ್ನು ನೆನಪಿಸುವ, 175 ಅಡಿಯ ಜೋಡಿ ಗೋಪುರಗಳ ಆ ಕಟ್ಟಡವನ್ನು ನಮ್ಮಲ್ಲಿ ಎಲ್ಲರೂ ನೂರು ಸಲ ನೋಡಿದ್ದೆವು. ಆದರೆ ಬಣ್ಣದ ಗಾಜಿನ ಒಂದೇ ಕಿಟಕಿಯ ಎದುರು ಒಂದು ಗಂಟೆ ಮಾತಿಲ್ಲದೆ ಕುಳಿತವರು ಯಾರೂ ಇರಲಿಲ್ಲ. ಬಿಸಿಲು ಸರಿದಂತೆ ಗಾಜಿನ ನೀಲಿ ಮಂಕಾಗಿ ಕೆಂಪು ಮೇಲೆದ್ದು ಬರುವುದನ್ನು ಅಂದು ಕಂಡೆವು. ಅಂದೇ ಒಬ್ಬ ಹುಡುಗ, ಈ ಕಿಟಕಿಗಳಲ್ಲಿ ಒಬ್ಬರ ಮುಖವೂ ನಮ್ಮ ಊರಿನವರ ಮುಖದ ಹಾಗಿಲ್ಲವಲ್ಲ ಎಂದ. ಅವನ ಮಾತಿನಿಂದ ನಾವು ಗೋವೆಯ ಕಲಾವಿದ ಆಂಜೆಲೊ ದ ಫೊನ್ಸೆಕಾ ಅವರತ್ತ ಹೋದೆವು. 1902ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ ಅವರು ಬಂಗಾಳದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ಮಾತೆ ಮರಿಯಳಿಗೆ ಸೀರೆ ಉಡಿಸಿ ಬರೆದರು, ಅದಕ್ಕಾಗಿ ತಮ್ಮ ನಾಡಿನಲ್ಲೇ ವಿರೋಧವನ್ನೂ ಎದುರಿಸಿದರು. ಬೆಂಗಳೂರಿನ ಬಳಿಯ ಸಿಲ್ವೆಪುರದಲ್ಲಿ ನೆಲೆಸಿ ಇದೇ ದಾರಿಯಲ್ಲಿ ದುಡಿದ ಜ್ಯೋತಿ ಸಾಹಿ ಅವರ ಚಿತ್ರಗಳೂ ನಮಗೆ ಧೈರ್ಯ ಕೊಟ್ಟವು.

ಈಸ್ಟರಿಗೆ ಮುಂಚಿನ ಉಪವಾಸ, ಪ್ರಾರ್ಥನೆಗಳ ತಪಸ್ಸು ಕಾಲ ಹತ್ತಿರವಾದಾಗ, ಯೇಸುವಿನ ಕೊನೆಯ ಗಳಿಗೆಗಳನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಧ್ಯಾನಿಸುವ ಶಿಲುಬೆಯ ಹಾದಿಯನ್ನು ಸ್ಥಳಕ್ಕೊಂದು ಬಟ್ಟೆಯಂತೆ ನಾವೇ ಮಾಡೋಣ ಎಂಬ ಸೂಚನೆ ಬಂತು. ಒಪ್ಪಿಗೆ ಮಾತ್ರ ಸುಲಭವಾಗಿ ಬರಲಿಲ್ಲ. ಪ್ರೊಟೆಸ್ಟೆಂಟ್ ಸಭೆಯ ಇಬ್ಬರು, ವಿಗ್ರಹ ಮಾಡಿಕೊಳ್ಳಬಾರದೆಂಬ ಆಜ್ಞೆಯನ್ನು ಮುಂದಿಟ್ಟು ತಾವು ಯೇಸುವಿನ ಚಿತ್ರ ಬರೆಯಲಾರೆವು ಎಂದರು. ಅಜ್ಜಿಯ ಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಮಲಗಿ ಬೆಳೆದ ಕಥೋಲಿಕ ಹುಡುಗಿಯೊಬ್ಬಳಿಗೆ ಆ ಮಾತು ಬಹಳ ನೋವು ಕೊಟ್ಟಿತು, ಅವಳು ಅತ್ತಳು. ನಾನು ಅಂದು ತೀರ್ಪು ಕೊಡಲು ಹೋಗಲಿಲ್ಲ. ಮುಂದಿನ ಎರಡು ಶನಿವಾರ ಪವಿತ್ರಗ್ರಂಥದ ನಾಲ್ಕು ಭಾಗಗಳನ್ನು ಒಟ್ಟಿಗೆ ಓದಿದೆವು. ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ಆ ಆಜ್ಞೆಯಿದೆ. ಅದೇ ಪುಸ್ತಕದ 31ನೇ ಅಧ್ಯಾಯದಲ್ಲಿ ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆದು, ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರಗಳಲ್ಲಿ ಕೆಲಸ ಮಾಡುವುದಕ್ಕಾಗಿಯೇ ಅವನನ್ನು ತನ್ನ ಆತ್ಮದಿಂದ ತುಂಬಿಸಿದ್ದಾಗಿ ಹೇಳುತ್ತಾರೆ. ಅರಣ್ಯಕಾಂಡದ 21ನೇ ಅಧ್ಯಾಯದಲ್ಲಿ ಮೋಶೆ ದೇವರ ಮಾತಿನಂತೆ ತಾಮ್ರದ ಸರ್ಪವನ್ನು ಮಾಡಿ ಎತ್ತಿ ನಿಲ್ಲಿಸುತ್ತಾನೆ. ಅರಸುಗಳ ಎರಡನೆಯ ಪುಸ್ತಕದ 18ನೇ ಅಧ್ಯಾಯದಲ್ಲಿ, ಜನ ಅದಕ್ಕೆ ಧೂಪ ಹಾಕತೊಡಗಿದ್ದರೆಂದು ಅರಸ ಹಿಜ್ಕೀಯ ಅದೇ ಸರ್ಪವನ್ನು ಒಡೆದು ಚೂರು ಮಾಡುತ್ತಾನೆ. ಮಾಡಿಸಿದ ವಿಶ್ವಾಸವೂ ಒಡೆಸಿದ ವಿಶ್ವಾಸವೂ ಒಂದೇ ಎಂದು ಅರಿವಾದಾಗ, ಎದುರಿಗಿದ್ದವರನ್ನು ವಿಗ್ರಹಾರಾಧಕರೆಂದೋ ಒಣ ಮನಸ್ಸಿನವರೆಂದೋ ಕರೆಯುವುದು ಇಬ್ಬರಿಗೂ ಸಾಧ್ಯವಾಗಲಿಲ್ಲ. ಯೇಸುವಿನ ಮುಖವನ್ನು ಯಾವ ಬಟ್ಟೆಯ ಮೇಲೂ ಬರೆಯುವುದು ಬೇಡ ಎಂದು ನಾವೇ ನಿರ್ಧರಿಸಿದೆವು. ಅತ್ತ ಹುಡುಗಿಯೇ ಮೊದಲು ಒಪ್ಪಿದಳು. ಮುಖವಿಲ್ಲದೆ ಆ ಪ್ರೀತಿಯನ್ನು ತೋರಿಸುವುದು ಹೇಗೆಂದು ತಾನು ಕಲಿಯಬೇಕು ಎಂದಳು.

ಇನ್ನೊಂದು ತೊಡಕಿತ್ತು. ಕಥೋಲಿಕರ ಪರಂಪರೆಯ ಶಿಲುಬೆಯ ಹಾದಿಯಲ್ಲಿ ಯೇಸು ಮೂರು ಸಲ ಬೀಳುವುದು, ವೆರೋನಿಕ ಎಂಬ ಹೆಂಗಸು ಬಟ್ಟೆಯಿಂದ ಅವರ ಮುಖ ಒರೆಸುವುದು ಇವೆಲ್ಲ ಬರುತ್ತವೆ. ಆದರೆ ನಾಲ್ಕು ಸುವಾರ್ತೆಗಳಲ್ಲಿ ಅವುಗಳ ಮಾತಿಲ್ಲ. ಸ್ಥಳಗಳ ಸಂಖ್ಯೆ 14 ಎಂದು ನಿಂತದ್ದು ಸಹ 1731ರಲ್ಲಿ, ಪೋಪ್ ಹನ್ನೆರಡನೆಯ ಕ್ಲೆಮೆಂಟರ ಕಾಲದಲ್ಲಿ. ಪೋಪ್ ಎರಡನೆಯ ಜಾನ್ ಪೌಲರು 1991ರ ಶುಭ ಶುಕ್ರವಾರ ರೋಮಿನ ಕೊಲೊಸಿಯಂನಲ್ಲಿ, ಬಂಧನದ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೇಮನೆಯ ತೋಟದಿಂದ ಆರಂಭವಾಗಿ ಸಮಾಧಿಯಲ್ಲಿ ಮುಗಿಯುವ, ಪೂರ್ತಿಯಾಗಿ ಸುವಾರ್ತೆಗಳನ್ನೇ ಆಧರಿಸಿದ ಇನ್ನೊಂದು ಕ್ರಮದಲ್ಲಿ ಪ್ರಾರ್ಥಿಸಿದ್ದರು. ಪರಿಚಯದ ಫಾದರ್ ಒಬ್ಬರು ಅದನ್ನು ನಮಗೆ ತಿಳಿಸಿದರು. ಎರಡೂ ಕಡೆಯವರು ಯಾವ ಹಿಂಜರಿಕೆಯೂ ಇಲ್ಲದೆ ನಡೆಯಬಹುದಾದ ಹಾದಿ ಅದಾಗಿತ್ತು.

ಬದನವಾಳಿನ ಖಾದಿಯನ್ನು ತಂದು ಮೂರು ಅಡಿ ಉದ್ದ, ಎರಡು ಅಡಿ ಅಗಲಕ್ಕೆ ಕತ್ತರಿಸಿ 14 ತುಂಡು ಮಾಡಿದೆವು. ಖರ್ಚಿಗೆ ತಲಾ ನೂರು ರೂಪಾಯಿ ಹಾಕಿದ್ದು ಸಾಕಾಯಿತು. ಬಣ್ಣದ ಅಂಗಡಿಗೆ ಹೋಗುವ ಮೊದಲು ಅವರವರ ಮನೆಯಲ್ಲಿ, ಊರಿನಲ್ಲಿ ಏನಿದೆ ಎಂದು ನೋಡಬೇಕು ಎಂಬುದೊಂದೇ ನಿಯಮ. ತಂದೆ ಬೀಟೆಮರದ ಇನ್‌ಲೇ ಕೆಲಸ ಮಾಡುವ ಹುಡುಗನೊಬ್ಬ, ಬಣ್ಣ ಬಳಿಯದೆ ಬೇರೆ ಬೇರೆ ಮರಗಳ ಸಹಜ ಬಣ್ಣದಿಂದಲೇ ಚಿತ್ರ ಕೂರಿಸುವ ಆ ಕೆಲಸದಲ್ಲಿ ಉಳಿದ ಚೂರುಗಳನ್ನು ಬಟ್ಟೆಗೆ ಹೊಲಿದು, ಶಿಷ್ಯ ಪೇತ್ರನು ಯೇಸುವನ್ನು ಅರಿಯೆನೆಂದ ರಾತ್ರಿಯ ಬೆಂಕಿಯನ್ನು ಮಾಡಿದ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದುತ್ತಿದ್ದ ನಮ್ಮೊಬ್ಬರ ಗೆಳೆಯ, ಕ್ರೈಸ್ತನಲ್ಲದಿದ್ದರೂ ನಾಲ್ಕು ಶನಿವಾರ ಬಂದು ಅಂಟು ಮತ್ತು ನೂಲಿನ ಕೆಲಸ ಕಲಿಸಿಕೊಟ್ಟ.

ಗೆತ್ಸೇಮನೆಯ ಬಟ್ಟೆಯನ್ನು ಪಾಂಡವಪುರದ ಹುಡುಗಿ ತೆಗೆದುಕೊಂಡಳು. ಆ ಹೆಸರಿಗೆ ಎಣ್ಣೆಯ ಗಾಣ ಎಂಬ ಅರ್ಥವಿದೆ ಎಂದು ನಾನು ಹೇಳಿದ ಕೂಡಲೇ ಅವಳ ಮುಖದ ಭಾವ ಬದಲಾಯಿತು. ಅವಳ ಮನೆಯವರದು ಆಲೆಮನೆ. ಗಾಣದ ಒಂದು ಕಡೆಯಿಂದ ತುಂಬಿದ ಕಬ್ಬು ಹೋಗಿ ಇನ್ನೊಂದು ಕಡೆಯಿಂದ ಹಿಂಡಿದ ಸಿಪ್ಪೆ ಬರುವುದನ್ನು ಅವಳು ಮಗುವಾಗಿದ್ದಾಗಿನಿಂದ ಕಂಡವಳು. ಆ ರಾತ್ರಿ ತೋಟದಲ್ಲಿ ಯೇಸುಸ್ವಾಮಿಯ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು ಎಂದು ಲೂಕನು ಬರೆದದ್ದನ್ನು ತಾನು ಇನ್ನು ಮೇಲೆ ಬೇರೆ ರೀತಿಯಲ್ಲಿ ಓದಲಾರೆ ಎಂದಳು. ಊರಿನಿಂದ ಸಿಪ್ಪೆಯನ್ನು ತಂದು ಬಟ್ಟೆಯ ಮೇಲೆ ಹೊಲಿದದ್ದೇನೋ ಆಯಿತು, ಆದರೆ ಅದರಲ್ಲಿ ಕಬ್ಬಿನ ಹಾಲು ಉಳಿದಿದ್ದರಿಂದ ಮರುದಿನ ಇರುವೆಗಳು ಮುತ್ತಿದವು. ಎಲ್ಲವನ್ನೂ ಬಿಚ್ಚಿ, ತೊಳೆದು, ಆಲೆಮನೆಯಲ್ಲಿ ಒಲೆಗೆ ಹಾಕುವ ಮುನ್ನ ಅಂಗಳದಲ್ಲಿ ಹರಡುವ ಹಾಗೆಯೇ ಹಾಸ್ಟೆಲಿನ ತಾರಸಿಯ ಮೇಲೆ ನಾಲ್ಕು ದಿನ ಒಣಗಿಸಿ, ಮತ್ತೆ ಹೊಲಿದಳು. ಎರಡನೆಯ ಸಲ ಹೊಲಿದದ್ದು ಮೊದಲಿನದಕ್ಕಿಂತ ಬಹಳ ಚೆನ್ನಾಗಿತ್ತು.

ಯೇಸು ಪ್ರಾಣಬಿಡುವ ಹದಿಮೂರನೆಯ ಸ್ಥಳಕ್ಕೆ ಬಟ್ಟೆಯ ಮೇಲೆ ಏನೂ ಬೇಡ, ಹಾಡು ಸಾಕು ಎಂದು ತೀರ್ಮಾನಿಸಿದೆವು. ಶಿಲುಬೆಯ ಮೇಲಿಂದ ಅವರು ಕೂಗಿ ಹೇಳಿದ 22ನೇ ಕೀರ್ತನೆಯ ಮೊದಲ ಸಾಲನ್ನು, ಸಂಗೀತ ಕಲಿಯುತ್ತಿದ್ದ ಹುಡುಗಿ ಮುಖಾರಿ ರಾಗದಲ್ಲಿ ಅಳವಡಿಸಿದಳು. ಕರ್ನಾಟಕ ಸಂಗೀತ ದೇವಾಲಯದ ಅಂಗಳಕ್ಕೆ ಸಲ್ಲುವುದೇ ಎಂದು ಒಬ್ಬರು ಸಂದೇಹಪಟ್ಟರು. ಕಿಟ್ಟೆಲ್ 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಈ ನೆಲದ ಪದ್ಯದ ಧಾಟಿಯಲ್ಲಿ ಹೇಳಿದ್ದರೆಂದು ನೆನಪಿಸಿದೆ, ಅಷ್ಟಕ್ಕೆ ಮಾತು ಮುಗಿಯಿತು.

ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಎಂಟನೆಯ ಸ್ಥಳದ ಬಟ್ಟೆ, ದಾರಿಯಲ್ಲಿ ಯೇಸುವಿನ ಶಿಲುಬೆಯನ್ನು ಹೊತ್ತ ಸಿರೇನಿನ ಸಿಮೋನನದು. ಅದನ್ನು ಕೇಳಿ ಪಡೆದ ಹುಡುಗ ಅಲ್ಲಿಯವರೆಗೆ ಕೂಟದಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಅವನ ತಂದೆ ಬಂಡೀಪಾಳ್ಯದ ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲಿ. ತಂದೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಹಳೆಯ ಟವೆಲನ್ನು ಅವನು ಖಾದಿಯ ಮೇಲೆ ಹರಡಿ ಹೊಲಿದ. ಮೂಟೆ ಉಜ್ಜಿ ಉಜ್ಜಿ ತೆಳುವಾದ ಜಾಗವನ್ನು ತೇಪೆ ಹಾಕದೆ ಹಾಗೆಯೇ ಬಿಟ್ಟ. ಚರ್ಚೆಯ ಹೊತ್ತಿನಲ್ಲಿ, ಸಿಮೋನನು ಯೇಸುವಿಗೆ ನೆರವಾದನು ಎಂದು ಯಾರೋ ಅಂದಾಗ ಅವನು ಮೊದಲ ಬಾರಿಗೆ ಬಾಯಿ ತೆರೆದ: “ಅವನನ್ನ ಯಾರೂ ಕೇಳಲಿಲ್ಲ. ಹಿಡಿದು ಹೊರಿಸಿದರು. ನಮ್ಮಪ್ಪನ್ನೂ ಯಾರೂ ಕೇಳಲಿಲ್ಲ.” ಆ ಸಂಜೆ ಕೂಟ ಒಂಬತ್ತು ಗಂಟೆಯವರೆಗೂ ನಡೆಯಿತು. ಕೇಳದೆ ಹೊರಿಸಿದ ಭಾರವನ್ನು ದೇವರ ಕರೆ ಎಂದು ಕರೆಯಬಹುದೇ, ಹಾಗೆ ಕರೆದರೆ ಹೊರಿಸಿದವರ ತಪ್ಪು ಮುಚ್ಚಿಹೋಗುವುದಿಲ್ಲವೇ ಎಂದು ಅವರು ಕೇಳಿದ ಪ್ರಶ್ನೆಗಳನ್ನು ನಾನು ಯಾವ ಪ್ರವಚನದಲ್ಲಿಯೂ ಕೇಳಿರಲಿಲ್ಲ. ನನಗೆ ಉತ್ತರ ತಿಳಿಯದೆಂದು ಅವರಿಗೆ ಹೇಳಿದೆ. ಸಿಮೋನನನ್ನು ಅಲೆಕ್ಸಾಂಡರ್ ಮತ್ತು ರೂಫ ಎಂಬುವರ ತಂದೆ ಎಂದು ಮಾರ್ಕನು ಪರಿಚಯಿಸುತ್ತಾನೆ ಎಂಬುದನ್ನು ಮಾತ್ರ ತೋರಿಸಿದೆ. ಹುಡುಗ ಆ ವಾಕ್ಯವನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ಶುಕ್ರವಾರ ಚರ್ಚಿನ ಆವರಣದ ಮರಗಳಿಗೆ ತೆಂಗಿನ ನಾರಿನ ಹಗ್ಗ ಕಟ್ಟಿ 14 ಬಟ್ಟೆಗಳನ್ನೂ ಕಣ್ಣಿನ ಎತ್ತರಕ್ಕೆ ನೇತುಹಾಕಿದೆವು. ಸಂಜೆ ಐದಕ್ಕೆಲ್ಲ ಜನ ಬರತೊಡಗಿದರು. ಆ ಹುಡುಗನ ತಂದೆ ಕೆಲಸ ಮುಗಿಸಿ ನೇರವಾಗಿ ಬಂದಿದ್ದರು. ಎಂಟನೆಯ ಬಟ್ಟೆಯ ಎದುರು ಬಹಳ ಹೊತ್ತು ನಿಂತು, ಮಗನನ್ನು ಹತ್ತಿರ ಕರೆದು ಹೇಳಿದರು: “ಇದು ಇಷ್ಟು ಮೇಲೆ ಇರಬಾರದು ಕಣೋ. ಹೊತ್ತಿರೋನು ಮುಂದಕ್ಕೆ ನೋಡಲ್ಲ, ನೆಲ ನೋಡ್ತಾನೆ.” ಯಾರೂ ಏನೂ ಹೇಳುವ ಮೊದಲೇ ಅವರೇ ಹಗ್ಗದ ಗಂಟು ಬಿಚ್ಚಿದರು. ತಂದೆ ಒಂದು ತುದಿ, ಮಗ ಇನ್ನೊಂದು ತುದಿ ಹಿಡಿದು ಅದನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ ಮತ್ತೆ ಕಟ್ಟಿದರು.